ಅಟ್ಲಾಂಟಿಕ್ ದಾಟದ ಗಂಗಾಧರ ಮಾವ

ಇಂಗ್ಲೆಂಡಿಗೆ ಹೋಗಿ ಬಂದವರು ಊರಿನಲ್ಲಿ ಹೇಳಿಕೊಳ್ಳುವ ಯಾವುದನ್ನೂ ನಾನು ನೋಡಲಿಲ್ಲ. ಅರಮನೆ ಇಲ್ಲ, ವಸ್ತುಸಂಗ್ರಹಾಲಯ ಇಲ್ಲ, ಸೇತುವೆಯ ಮುಂದೆ ನಿಂತು ತೆಗೆಸಿಕೊಂಡ ಫೋಟೊ ಇಲ್ಲ. ಹನ್ನೊಂದು ದಿನ ಒಂದೇ ಊರಿನಲ್ಲಿ, ಒಂದೇ ದೋಣಿಯ ಸುತ್ತ ಓಡಾಡಿ, ಒಂದು ವಾದ ಗೆದ್ದು ಬಂದೆ. ಗೆಲ್ಲುವುದು ನನಗೆ ಹೊಸದಲ್ಲ. ಬಸವನಗುಡಿಯ ಕಾಲೇಜಿನಲ್ಲಿ ಐದು ವರ್ಷ ಚರ್ಚಾಸ್ಪರ್ಧೆಗಳಲ್ಲಿ ಮಾತಾಡಿದವಳು. ಮನೆಯ ಷೋಕೇಸಿನಲ್ಲಿ ನನ್ನ ಕಪ್ಪುಗಳ ಹಿಂದೆ ಅಮ್ಮನ ಗೊಂಬೆಗಳು ಕಾಣದಂತಾಗಿವೆ. ಈ ಒಂದು ಗೆಲುವನ್ನು ಮಾತ್ರ ಎಲ್ಲಿಡಬೇಕೋ ತಿಳಿಯದೆ ಬರೆಯಲು ಕೂತಿದ್ದೇನೆ.

ಹೊರಡುವ ಮುಂಚೆ, ಚಾಮರಾಜಪೇಟೆ

ಗಂಗಾಧರ ಮಾವ ನಮ್ಮಮ್ಮನ ಅಣ್ಣ. ವಯಸ್ಸು ಅರವತ್ತೆರಡು. ಚಾಮರಾಜಪೇಟೆಯಲ್ಲಿ ತಾತನ ಕಾಲದ ಹಾಸಿಗೆ ಅಂಗಡಿ ಇಟ್ಟುಕೊಂಡಿದ್ದಾರೆ. ಸ್ಪಂಜಿನ ಹಾಸಿಗೆ ಬಂದಮೇಲೆ ಬೀದಿಯ ಉಳಿದವರೆಲ್ಲ ಬದಲಾದರೂ ಮಾವ ಹತ್ತಿ ಬಿಡಲಿಲ್ಲ. ಬೂರುಗದ ಹತ್ತಿಯ ಬಗ್ಗೆ ಅವರು ಮಾತಾಡುವುದನ್ನು ಕೇಳಿದರೆ ದೇವರ ಬಗ್ಗೆ ಇವರಿಗೆ ಅಷ್ಟು ನಂಬಿಕೆ ಇಲ್ಲವೇನೋ ಅನ್ನಿಸುತ್ತದೆ.

ಇಂಥವರು ಅಟ್ಲಾಂಟಿಕ್ ಸಮುದ್ರದ ಕಡೆ ಮುಖ ಮಾಡಿದ್ದಕ್ಕೆ ಕಾರಣ ಹೆಲೆನ್. ಮೂವತ್ತೈದು ವರ್ಷದ ಹಿಂದೆ ನಮ್ಮ ಕಡೆಯ ಒಂದು ಅಂಧ ಮಕ್ಕಳ ಹಾಸ್ಟೆಲಿಗೆ ಪಾಠ ಹೇಳಲು ಬಂದ ಇಂಗ್ಲಿಷ್ ಹುಡುಗಿ ಆಕೆ. ಮೂರು ವರ್ಷ ಬಸವನಗುಡಿಯಲ್ಲಿದ್ದು, ಮಕ್ಕಳಿಗೆ ಹಾಸಿಗೆ ಕೊಳ್ಳಲು ಮಾವನ ಅಂಗಡಿಗೆ ಬರುತ್ತಾ, ಚೌಕಾಸಿ ಮಾಡುವಷ್ಟು ಕನ್ನಡ ಕಲಿತರು. ಮೊದಲು ಹೊಸ ವರ್ಷಕ್ಕೊಂದು ಕಾಗದ, ಆಮೇಲೆ ವಾಟ್ಸಾಪು, ಹೀಗೆ ಪರಿಚಯ ಉಳಿಯಿತು. ಈಗ ಅವರಿಗೆ ಅರವತ್ತನಾಲ್ಕು. ಆ ಹಾಸ್ಟೆಲಿಗೆ ಹೊಸ ಕಟ್ಟಡ ಕಟ್ಟಿಸಲು ಚಂದಾ ಎತ್ತಬೇಕು, ಅದಕ್ಕಾಗಿ ತಮ್ಮ ವಯಸ್ಸಿನ ಮೂವರ ಜೊತೆ ಹುಟ್ಟು ಹಾಕಿಕೊಂಡು ಸಮುದ್ರ ದಾಟುತ್ತೇವೆ ಎಂದು ಹೊರಟಿದ್ದರು. ಮಾವನನ್ನು ಅವರು ಕೇಳಿದ್ದು ಒಂದು ದಿಂಬು ಮಾತ್ರ. ಸಮುದ್ರದಲ್ಲಿ ದಿನಕ್ಕೆ ಹನ್ನೆರಡು ಗಂಟೆ ಉಪ್ಪುನೀರಿನಲ್ಲಿ ನೆನೆದು ಕೂರುವವರಿಗೆ ದೊಡ್ಡ ಶತ್ರು ಅಲೆಯಲ್ಲವಂತೆ, ಕೂರುವ ಜಾಗದ ಹುಣ್ಣಂತೆ. ಬೂರುಗದ ಹತ್ತಿ ನೀರು ಕುಡಿಯುವುದಿಲ್ಲ. ಮಾವ ಒಂದು ದಿಂಬು ಹೊಲಿಸಿ ಕಳಿಸಿದರು. ಸರಿ ಹೋಗಲಿಲ್ಲ ಅಂತ ಇನ್ನೊಂದು. ಅಷ್ಟರಲ್ಲಿ ಹೆಲೆನ್ ತಂಡದ ನಾಲ್ಕನೆಯವರು ಮಂಡಿ ನೋವೆಂದು ಹಿಂದೆ ಸರಿದರು. ಮಾವ ಮೂರನೇ ದಿಂಬಿನ ಜೊತೆ ಒಂದು ಸಾಲು ಬರೆದು ಕಳಿಸಿದರು: ನಾನು ಬರಲಾ?

ಎರಡು ವರ್ಷ ಗೋಡೌನಿನಲ್ಲಿ ಹತ್ತಿಯ ಮೂಟೆಗಳ ನಡುವೆ ಹುಟ್ಟು ಹಾಕುವ ಯಂತ್ರ ಇಟ್ಟುಕೊಂಡು ಬೆಳಿಗ್ಗೆ ಎರಡೆರಡು ಗಂಟೆ ಎಳೆದರು. ಭಾನುವಾರ ಊರಾಚೆಯ ಕೆರೆಯಲ್ಲಿ ದೋಣಿ. ಡಾಕ್ಟರ ಪರೀಕ್ಷೆಯಲ್ಲಿ ಅವರ ರಕ್ತದೊತ್ತಡ ನನ್ನದಕ್ಕಿಂತ ಚೆನ್ನಾಗಿತ್ತು.

ನಾನು ಆಗಲೇ ವಾದ ಹೂಡಿದ್ದೆ. ದುಡ್ಡು ಬೇಕಿದ್ದರೆ ದುಡ್ಡು ಕೇಳಬೇಕು, ಅದಕ್ಕೂ ಸಮುದ್ರಕ್ಕೂ ಏನು ಸಂಬಂಧ ಎಂದು. ಮಾವ ದಿಂಬಿನ ಮೂಲೆ ಹೊಲಿಯುತ್ತಲೇ ಕೇಳಿದರು: "ಪಾದಯಾತ್ರೆ ಯಾಕೆ ಮಾಡ್ತಾರಮ್ಮ? ಬಸ್ಸಿಲ್ವಾ?" ನಾನು ವಿಷಯಾಂತರ ಮಾಡಿದೆ.

ಹೆಲೆನ್ ತಂಡದಲ್ಲಿ ಒಂದು ಪದ್ಧತಿ. ಕೊನೆಯ ಪಟ್ಟಿಗೆ ಸಹಿ ಬೀಳುವ ಮುಂಚೆ ಒಬ್ಬೊಬ್ಬರ ಮನೆಯಿಂದಲೂ ಒಬ್ಬರು ಬಂದು, ಇವರು ಯಾಕೆ ಹೋಗಬಾರದು ಎಂದು ಎಲ್ಲರೆದುರು ಹೇಳಬೇಕು. ಮಾವ ಅದಕ್ಕೆ 'ಬೇಡ ಸಭೆ' ಎಂದು ಹೆಸರಿಟ್ಟಿದ್ದರು. ನ್ಯಾಯವಾಗಿ ಮಾವನ ಹೆಂಡತಿ ಸರೋಜತ್ತೆ ಹೋಗಬೇಕಿತ್ತು. ಅತ್ತೆ ನನ್ನನ್ನು ಅಡುಗೆಮನೆಗೆ ಕರೆದು, ಬಾಗಿಲು ಮುಂದೆ ಮಾಡಿ, "ನೀನು ಬಾಯಿರೋಳು. ಕಪ್ಪು ತಂದಿದ್ದು ಸಾಕು, ಈ ಸಲ ನಿಮ್ಮ ಮಾವನ್ನ ವಾಪಸ್ ಕರ್ಕೊಂಬಾ" ಅಂದರು. ಅವರ ಕಣ್ಣು ಕೆಂಪಾಗಿತ್ತು. ಹೊರಗೆ ಮಾವ ಬೇರೆಯೇ ಹೇಳಿದರು: "ಏನೋ ಒಂದು ಹೇಳ್ಬಿಡು, ಶಾಸ್ತ್ರಕ್ಕೆ. ಗೊರಕೆ ಹೊಡೀತಾನೆ ಅನ್ನು, ನಿಜಾನೇ ಅಲ್ವಾ?"

ಎರಡು ಕಡೆಯಿಂದ ಎರಡು ವಕಾಲತ್ತು. ಒಂದನ್ನು ಆರಿಸಿಕೊಂಡೆ. ಇನ್ನೊಂದು ಕಡೆಯವರಿಗೆ ಅದನ್ನು ಹೇಳಲಿಲ್ಲ.

ವಿಮಾನ ಇಳಿದ ಮೇಲೆ

ನಮ್ಮ ಮೊದಲ ಅವಘಡ ಚಟ್ನಿಪುಡಿಯದ್ದು. ತಪಾಸಣೆಯ ಮೇಜಿನ ಹಿಂದಿದ್ದ ಎತ್ತರದ ಅಧಿಕಾರಿ ಡಬ್ಬಿ ತೆರೆದು, ಮೂಗಿನ ಹತ್ತಿರ ತಂದು, ಒಂದರ ಹಿಂದೊಂದು ಆರು ಸಲ ಸೀನಿದರು. ನಾನು ಕಾನೂನು ಮಾತಾಡಲು ಬಾಯಿ ತೆರೆಯುವ ಮೊದಲೇ ಅವರು ಕ್ಷಮೆ ಕೇಳಿ, ಇದನ್ನು ಯಾವುದರ ಜೊತೆ ತಿನ್ನುತ್ತಾರೆ ಎಂದರು. ಮಾವ ಇಡ್ಲಿಯಿಂದ ಶುರುಮಾಡಿದರು. ಅಕ್ಕಿ ಎಷ್ಟು, ಉದ್ದು ಎಷ್ಟು, ಚಳಿಗಾಲದಲ್ಲಿ ಹಿಟ್ಟು ಹುದುಗಲು ಏನು ಮಾಡಬೇಕು. ನಮ್ಮ ಹಿಂದೆ ಇಪ್ಪತ್ತು ಜನ ನಿಂತಿದ್ದರು. ಯಾರೂ ಒಂದು ಮಾತಾಡಲಿಲ್ಲ. ಮೂಗಿನಲ್ಲಿ ಉಸಿರು ಬಿಟ್ಟರು ಅಷ್ಟೆ. ಕೆ.ಆರ್. ಮಾರ್ಕೆಟ್ಟಿನಲ್ಲಿ ಹೂವಿನ ಮೂಟೆ ಹೊತ್ತವನ ಎದುರು ಹೀಗೆ ನಿಂತು ಇಡ್ಲಿ ವಿವರಿಸಿದ್ದರೆ ಮೂಟೆ ನಮ್ಮ ಬೆನ್ನ ಮೇಲಿಂದಲೇ ಹೋಗುತ್ತಿತ್ತು. ಮೂಟೆ ಹೊತ್ತವನು ಏನು ಅಂದುಕೊಂಡ ಅನ್ನುವುದು ಆ ಕ್ಷಣದಲ್ಲೇ ಗೊತ್ತಾಗಿಬಿಡುತ್ತಿತ್ತು ಕೂಡ. ಇಲ್ಲಿಯವರ ಮೂಗಿನುಸಿರನ್ನು ಕನ್ನಡಕ್ಕೆ ತರ್ಜುಮೆ ಮಾಡುವವರು ಬೇಕು.

ರೈಲಿನಲ್ಲಿ ನಾಲ್ಕು ಗಂಟೆ. ಮಾವ ಎದುರು ಕೂತ ಅಜ್ಜಿಯ ನಾಯಿಯನ್ನು ಮಾತಾಡಿಸಿದರು, ಆಮೇಲೆ ಅಜ್ಜಿಯನ್ನು. ಅಟ್ಲಾಂಟಿಕ್ ಎಂದಾಗ ಆ ಅಜ್ಜಿ, ಎಷ್ಟು ಚೆಂದ, ಅಂದರು. ನಮ್ಮ ಬೀದಿಯಲ್ಲಾಗಿದ್ದರೆ ಮೊದಲು, ಮನೆಯಲ್ಲಿ ಯಾರೂ ಹೇಳೋರಿಲ್ವಾ ನಿಮಗೆ, ಎಂದು ಕೇಳುತ್ತಿದ್ದರು. ಹೇಳಲು ನಾನು ಹೊರಟಿದ್ದೆ.

ಆ ಊರು

ಹೆಸರು ಬರೆಯುವುದಿಲ್ಲ. ಎಲ್ಲರಿಗೂ ಎಲ್ಲರೂ ಗೊತ್ತಿರುವಷ್ಟು ಚಿಕ್ಕ ಊರು, ಇಂಗ್ಲೆಂಡಿನ ನೈಋತ್ಯದ ಮೂಲೆಯಲ್ಲಿದೆ. ಅಲ್ಲಿ ಸಮುದ್ರ ದಿನಕ್ಕೆ ಎರಡು ಸಲ ಊರು ಬಿಟ್ಟು ಹೋಗುತ್ತದೆ. ಬೆಳಿಗ್ಗೆ ತೇಲುತ್ತಿದ್ದ ದೋಣಿಗಳು ಮಧ್ಯಾಹ್ನಕ್ಕೆ ಕೆಸರಿನಲ್ಲಿ ಎಮ್ಮೆಗಳ ಹಾಗೆ ಮಲಗಿರುತ್ತವೆ. ಮಾವ ಕಟ್ಟೆಯ ಮೇಲೆ ನಿಂತು ನೋಡಿ, ಇದು ನಮ್ಮ ಕಾವೇರಿ ನಲ್ಲಿಯ ಹಾಗೆ, ಬಂದಾಗ ಹಿಡಿದುಕೊಳ್ಳಬೇಕು, ಅಂದರು.

ಬೇಕರಿಯ ಹೆಂಗಸು ಚಿಲ್ಲರೆ ಕೊಡುತ್ತಾ ಮಾವನನ್ನು "ಮೈ ಲವರ್" ಎಂದು ಕರೆದಳು. ಮಾವ ಚಿಲ್ಲರೆ ಬಿಟ್ಟು ಹೊರಗೆ ಬಂದರು. ಆ ಸೀಮೆಯಲ್ಲಿ ಎಲ್ಲರೂ ಎಲ್ಲರನ್ನೂ ಹಾಗೇ ಅನ್ನುವುದಂತೆ, ಅಂಚೆಯವನನ್ನು, ಪಾದ್ರಿಯನ್ನು ಕೂಡ. ನಾನು ಮಾವನಿಗೆ ಅರ್ಧ ದಾರಿ ಪಾಠ ಮಾಡಿದೆ: ಪದದ ಅರ್ಥ ನಿಘಂಟಿನಲ್ಲಿಲ್ಲ, ಬಳಸುವ ಬಾಯಲ್ಲಿದೆ, ನಮ್ಮ ಆಟೋದವರು 'ಗುರು' ಅಂದರೆ ಪಾಠ ಹೇಳಿಸಿಕೊಂಡಿದ್ದಾರೆ ಎಂದಲ್ಲವಲ್ಲ. ಮಾವ ಒಪ್ಪಿದರು. ಆದರೂ ಮರುದಿನದಿಂದ ಬ್ರೆಡ್ಡು ತರಲು ನನ್ನನ್ನೇ ಕಳಿಸಿದರು. ಒಂದು ಸಲ ಕಟ್ಟೆಯ ಮೇಲೆ ಅವರ ಕೈಯಿಂದ ಕೋಡುಬಳೆಯನ್ನು ಕಡಲಹಕ್ಕಿಯೊಂದು ಕಿತ್ತುಕೊಂಡು ಹೋಯಿತು. ಒಂದೇ ನಿಮಿಷಕ್ಕೆ ವಾಪಸ್ ಬಂದು ಇನ್ನೊಂದಕ್ಕೆ ಕಾದು ಕೂತಿತು. ಅತ್ತೆಯ ಕೋಡುಬಳೆಗೆ ವಿದೇಶದಲ್ಲಿ ಸಿಕ್ಕ ಮೊದಲ ಮನ್ನಣೆ ಎಂದು ಮಾವ ಅದರ ಫೋಟೊ ತೆಗೆದು ಮನೆಗೆ ಕಳಿಸಿದರು.

ತಂಡದ ಉಳಿದಿಬ್ಬರು ಕಾಲಿನ್ ಮತ್ತು ಜೀನ್, ಗಂಡ ಹೆಂಡತಿ. ಕಾಲಿನ್ ಬಸ್ ಡ್ರೈವರ್ ಆಗಿದ್ದು ನಿವೃತ್ತರಾದವರು, ಜೀನ್ ಶಾಲೆಯ ಅಡುಗೆಯವರು. ನಾಲ್ವರೂ ದೋಣಿಶೆಡ್ಡಿನಲ್ಲಿ ಊಟದ ಪೊಟ್ಟಣ ಎಣಿಸುತ್ತಾ, ಒಬ್ಬರ ಕನ್ನಡಕ ಇನ್ನೊಬ್ಬರು ಹುಡುಕುತ್ತಾ ಕೂತಿರುವುದನ್ನು ನೋಡಿದರೆ ಸಮುದ್ರ ದಾಟುವವರೆಂದು ಯಾರೂ ಹೇಳುವಂತಿರಲಿಲ್ಲ. ಮದುವೆ ಮನೆಯಲ್ಲಿ ಉಗ್ರಾಣ ಹಿಡಿದ ಹಿರಿಯರ ಹಾಗಿದ್ದರು.

ನಾಲ್ಕನೆಯ ದಿನ, ನೀರಿನ ಮೇಲೆ

ಆ ದಿನ ನನ್ನನ್ನೂ ಕರೆದುಕೊಂಡು ಹೋದರು. ದೋಣಿ ನಮ್ಮ ಸಾಮಾನು ಸಾಗಿಸುವ ಸಣ್ಣ ಲಾರಿಯಷ್ಟು ಉದ್ದ. ಹಿಂದೆ ಮುಂದೆ ಮಲಗಲು ಒಂದೊಂದು ಗೂಡು, ನಡುವೆ ಎರಡು ಸೀಟು. ಇಬ್ಬರು ಹುಟ್ಟು ಹಾಕಿದರೆ ಇಬ್ಬರು ಮಲಗಬೇಕು, ಎರಡು ಗಂಟೆಗೊಮ್ಮೆ ಸರದಿ ಬದಲು. ನಾನು ಹಿಂದಿನ ಗೂಡಿನ ಬಾಯಲ್ಲಿ ಮುದುರಿ ಕೂತೆ.

ಅರ್ಧ ಗಂಟೆಗೊಮ್ಮೆ ಹೆಲೆನ್ ಎಲ್ಲರನ್ನೂ ಕೇಳುವರು: ಹೇಗಿದ್ದೀರಿ? ಉತ್ತರ ಅಂಕಿಯಲ್ಲಿ ಕೊಡಬೇಕು. ಒಂದು ಅಂದರೆ ಏನೂ ಇಲ್ಲ, ಹತ್ತು ಅಂದರೆ ತಡೆಯಲಾಗದ ನೋವು. ಕಾಲಿನ್ ಯಾವಾಗಲೂ ಆರು. ಜೀನ್ ನಾಲ್ಕು, ತನ್ನ ನಾಲ್ಕು ಗಂಡನ ಆರಕ್ಕಿಂತ ದೊಡ್ಡದು ಎಂದು ಸೇರಿಸುವರು. ಮಾವ ಮಾತ್ರ ಪ್ರತಿ ಸಲವೂ "ಪರವಾಗಿಲ್ಲ" ಅಂದರು. ಹೆಲೆನ್ ನಕ್ಕರು. ಬಸವನಗುಡಿಯಲ್ಲಿ ತಾನು ಕಲಿತ ಮೊದಲ ಪದ ಅದೇ ಅಂತೆ. ಅಂಕಿಯಲ್ಲಿ ಹೇಳಿ ಎಂದು ಅವರು ಮಾವನನ್ನು ಒತ್ತಾಯಿಸಲಿಲ್ಲ. ಕಾಲಿನ್ ಕೂಡ ಅಲೆ ಎರಚಿದಾಗಲೆಲ್ಲ "ಪಾರ್ವಗಿಲ" ಎಂದು ಕೂಗುವುದನ್ನು ಕಲಿತಿದ್ದರು.

ಹನ್ನೊಂದರ ಹೊತ್ತಿಗೆ ಬಿಸಿಲು ಬಂತು. ದೋಣಿಯ ಪಕ್ಕದಲ್ಲಿ ಒಂದು ನೀರುನಾಯಿಯಂಥ ತಲೆ ಎದ್ದಿತು, ಕಡಲಿನ ಸೀಲ್ ಅಂತೆ, ದುಂಡು ಕಣ್ಣಿನಲ್ಲಿ ಮಾವನನ್ನೇ ನೋಡುತ್ತಾ ಸ್ವಲ್ಪ ದೂರ ಜೊತೆಗೆ ಬಂತು. ಮಾವ ಹುಟ್ಟು ನಿಲ್ಲಿಸಲಿಲ್ಲ. ಗಿರಾಕಿಯಿಲ್ಲದ ಮಧ್ಯಾಹ್ನ ಅಂಗಡಿಯಲ್ಲಿ ಕೂತು ಗುನುಗುವ ಹಾಗೆ ಏನೋ ಗುನುಗುತ್ತಿದ್ದರು. ಅವರ ಮುಖ ನಾನು ಹುಟ್ಟಿದಾಗಿನಿಂದ ನೋಡಿದ ಮುಖ. ಆದರೆ ಅದು ಹೀಗೂ ಇರಬಲ್ಲದು ಎಂದು ನನಗೆ ಗೊತ್ತಿರಲಿಲ್ಲ. ಆಗ ಹೆಲೆನ್ ಮತ್ತೆ ಕೇಳಿದರು. ಮಾವ ಸೀಲ್ ಮುಳುಗಿದ ಕಡೆಗೇ ನೋಡುತ್ತಾ "ಪರವಾಗಿಲ್ಲ" ಅಂದರು.

ದಂಡೆಗೆ ಬಂದಮೇಲೆ ಮಾವನಿಗೆ ಬಲಗೈ ಬಿಡಿಸಲಾಗಲಿಲ್ಲ. ಜೀನ್ ಉಗುರುಬೆಚ್ಚನೆಯ ನೀರು ಹೊಯ್ದು ಒಂದೊಂದೇ ಬೆರಳು ಬಿಡಿಸಿದರು. ಅಂಗೈಯ ಚರ್ಮ ಮಡಿಸಿದ ಬಟ್ಟೆಯ ಹಾಗೆ ಒಂದು ಕಡೆ ಸರಿದಿತ್ತು. ಮಾವ ಜೀನ್‌ಗೂ ಅದೇ ಪದ ಹೇಳಿದರು. ಹೆಲೆನ್ ಈ ಸಲ ನಗಲಿಲ್ಲ.

ನನ್ನೊಳಗೆ ಏನೋ ಸರಿಯಾದ ಜಾಗದಲ್ಲಿ ಕೂತಂತಾಯಿತು. ಚರ್ಚೆಯ ಅಭ್ಯಾಸ ಇರುವವರಿಗೆ ಗೊತ್ತು, ವಾದ ಸಿಕ್ಕಿದ ಗಳಿಗೆ ಹಾಗಿರುತ್ತದೆ. ಮಾವನ ಕೈ ನೋಡಿ ನನಗೆ ಮೊದಲು ಬಂದದ್ದು ಅಯ್ಯೋ ಅಲ್ಲ, ಸಿಕ್ಕಿತು ಅನ್ನುವುದು. ಇದನ್ನು ಬರೆಯದೆ ಮುಂದೆ ಹೋದರೆ ಈ ಬರಹವೇ ಸುಳ್ಳಾಗುತ್ತದೆ.

ಆರನೆಯ ದಿನ, ಬೇಡ ಸಭೆ

ಮಧ್ಯಾಹ್ನ ಮೂರು ಗಂಟೆಗೆ ದೋಣಿಶೆಡ್ಡಿನಲ್ಲಿ ಸೇರಿದರು. ಟೀ ಇತ್ತು, ತಟ್ಟೆಯಲ್ಲಿ ಬಿಸ್ಕತ್ತು. ಕಾಲಿನ್ ದಂಪತಿಯ ಮಗಳು ಮೊದಲು ಎದ್ದು, ಇಬ್ಬರೂ ಒಂದೇ ದೋಣಿಯಲ್ಲಿ ಹೋದರೆ ತನಗೆ ಯಾರಿದ್ದಾರೆ ಎಂದು ಹೇಳಿ ಸ್ವಲ್ಪ ಅತ್ತಳು. ಆಮೇಲೆ ಚೀಲದಿಂದ ತಾನೇ ಹೆಣೆದ ಉಣ್ಣೆಯ ಟೋಪಿ ನಾಲ್ಕು ತೆಗೆದು ಕೊಟ್ಟಳು. ಹೆಲೆನ್ ಅವರ ತಮ್ಮ, ಅಕ್ಕ ಜೀವನದಲ್ಲಿ ಯಾವುದಕ್ಕೂ ಹೊತ್ತಿಗೆ ಸರಿಯಾಗಿ ಹೋದವಳಲ್ಲ, ದಡ ಇವಳಿಗೆ ಕಾಯುವುದಿಲ್ಲ ಅಂದ. ಎಲ್ಲರೂ ನಕ್ಕರು. ಬೇಡ ಸಭೆ ಅಂದರೆ ಅಲ್ಲಿ ಅಷ್ಟೇ. ಬೇಡ ಎಂದು ಹೇಳಿ ಹಗುರಾಗಿ, ಹೋಗಿ ಬನ್ನಿ ಎಂದು ಕಳಿಸುವುದು. ನಮ್ಮಲ್ಲಿ ಹೊರಟವರನ್ನು ಕೂರಿಸಿ ನೀರು ಕೊಟ್ಟು ಕಳಿಸುವುದಿಲ್ಲವೆ, ಹಾಗೆ.

ನನಗದು ಅರ್ಥವಾಗಿತ್ತು. ಅರ್ಥವಾಗಿಯೂ ಎದ್ದು ನಿಂತು ಏಳು ನಿಮಿಷ ಮಾತಾಡಿದೆ.

ಮೊದಲು ಪದದ ವ್ಯಾಖ್ಯಾನ. ಗುರುಗಳು ಹಾಗೇ ಕಲಿಸಿದ್ದಾರೆ. ನೀವೆಲ್ಲ ಪ್ರೀತಿಯಿಂದ ಕಲಿತ ಈ ಪದ, ಅಂದೆ, ನಮ್ಮ ಮನೆಯಲ್ಲಿ ಕ್ಷೇಮಸಮಾಚಾರವಲ್ಲ. ನನಗೆ ನೋಯುತ್ತಿದೆ, ನೀವು ತಲೆ ಕೆಡಿಸಿಕೊಳ್ಳಬೇಡಿ ಎಂದು ಅದರ ಅರ್ಥ. ನೀವು ಅರ್ಧ ಗಂಟೆಗೊಮ್ಮೆ ನೋವು ಕೇಳುತ್ತೀರಿ, ಇವರು ಅರ್ಧ ಗಂಟೆಗೊಮ್ಮೆ ಅದನ್ನು ಮುಚ್ಚುತ್ತಾರೆ. ಸಾಕ್ಷಿಗೆ ಮಾವನ ಕೈ ತೋರಿಸಿದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಕೊನೆಗೆ ಎದೆಗೆ ನಾಟುವ ಉದಾಹರಣೆ ಬೇಕಲ್ಲ. ಅಜ್ಜಿಯನ್ನು ತಂದೆ.

ಮಾವನ ತಾಯಿ, ನನ್ನ ಅಜ್ಜಿ, ಆರು ವರ್ಷದ ಹಿಂದೆ ನಾಲ್ಕು ದಿನ ಎದೆ ಹಿಡಿದುಕೊಂಡು ಕೂತಿದ್ದರು. ಪ್ರತಿ ಬೆಳಿಗ್ಗೆ ಮಾವ ಆಸ್ಪತ್ರೆಗೆ ಹೋಗೋಣವೇ ಎಂದು ಕೇಳಿದರು. ಪ್ರತಿ ಬೆಳಿಗ್ಗೆ ಅಜ್ಜಿ ಪರವಾಗಿಲ್ಲ ಅಂದರು. ಐದನೆಯ ದಿನ ಕೇಳಲು ಅಜ್ಜಿ ಇರಲಿಲ್ಲ.

"ಆ ಪದ ನಂಬಿ ಅಂಗಡಿ ಬಾಗಿಲು ತೆಗೆಯೋಕೆ ಹೋದ ಮಗನೇ ಇವತ್ತು ಅದೇ ಪದ ನಿಮಗೆ ಹೇಳ್ತಿದ್ದಾನೆ," ಅಂದು ಕೂತೆ.

ಇಂಗ್ಲಿಷಿನಲ್ಲಿ ಅದು ಇನ್ನೂ ಚೆನ್ನಾಗಿ ಕೇಳಿಸಿತು. ಸ್ಪರ್ಧೆಯಾಗಿದ್ದರೆ ಚಪ್ಪಾಳೆ ಬೀಳುತ್ತಿತ್ತು. ಶೆಡ್ಡಿನಲ್ಲಿ ಯಾರೂ ಬಿಸ್ಕತ್ತು ಮುಟ್ಟಲಿಲ್ಲ. ಹೆಲೆನ್ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸುತ್ತಲೇ ಇದ್ದರು. ಆರು ವರ್ಷದಲ್ಲಿ ಮನೆಯಲ್ಲಿ ಒಬ್ಬರೂ ಮಾವನೆದುರು ಆ ನಾಲ್ಕು ದಿನಗಳ ಮಾತೆತ್ತಿರಲಿಲ್ಲ. ನಾನು ಎತ್ತಿದೆ, ಪರಭಾಷೆಯಲ್ಲಿ, ಪರರೆದುರು, ಅಂಕಕ್ಕಾಗಿ. ಮಾವ ತಟ್ಟೆಯನ್ನು ನೋಡುತ್ತಾ ಕೂತಿದ್ದರು. ಆಮೇಲೆ ಎದ್ದು ಎಲ್ಲರ ಟೀ ಲೋಟಗಳನ್ನೂ ಎತ್ತಿಕೊಂಡು ಹೋಗಿ ತೊಳೆದರು.

ಸಂಜೆ ಹೆಲೆನ್ ತಮಗೆ ಈಗ ಧೈರ್ಯ ಬರುತ್ತಿಲ್ಲ ಅಂದರು. ನಾಳೆ ಬೆಳಿಗ್ಗೆ ಇಬ್ಬರೂ ಬನ್ನಿ, ನನ್ನ ಮನಸ್ಸು ಬದಲಿಸುವಂಥದ್ದು ಏನಾದರೂ ಇದ್ದರೆ ಹೇಳಿ, ಆಮೇಲೆ ಪಟ್ಟಿ, ಅಂದರು. ನಾನು ಅತ್ತೆಗೆ ಒಂದೇ ಪದ ಕಳಿಸಿದೆ: ಆಯ್ತು. ಅತ್ತೆಯಿಂದ ಕೈಮುಗಿದ ಚಿತ್ರ ಬಂತು, ಮೂರು.

ಏಳನೆಯ ದಿನ

ಬೆಳಿಗ್ಗೆ ಕಟ್ಟೆಯ ಬೆಂಚಿನ ಮೇಲೆ ಮಾವ ನನ್ನನ್ನು ಕಾಯುತ್ತಿದ್ದರು. ಬೈಯುತ್ತಾರೆ ಎಂದು ಸಿದ್ಧಳಾಗಿ ಹೋದೆ. ನನ್ನ ಬಳಿ ಉತ್ತರಗಳೂ ಇದ್ದವು. ಅವರು ಬೈಯಲಿಲ್ಲ.

"ನೀವು ಕಾಲೇಜಲ್ಲಿ ನಾಣ್ಯ ಚಿಮ್ಮಿ, ಯಾವ ಕಡೆ ಬಂದ್ರೂ ಮಾತಾಡ್ತೀರಂತಲ್ಲ?" ಅಂದರು.

ಹೌದು ಎಂದೆ.

"ಹಂಗಾದ್ರೆ ಈಗ ನನ್ನ ಕಡೆ ಮಾತಾಡು. ನನಗೆ ಅಷ್ಟು ಇಂಗ್ಲಿಷ್ ಬರಲ್ಲ."

ಮಾತಾಡಿದೆ. ಇದಕ್ಕಿಂತ ಕಷ್ಟಪಟ್ಟು ಯಾವತ್ತೂ ಮಾತಾಡಿಲ್ಲ. ನಿನ್ನೆ ಬೇಕೆಂದೇ ಬಿಟ್ಟಿದ್ದ ಇನ್ನೊಂದು ಅರ್ಥವನ್ನು ಹೆಲೆನ್ ಮುಂದೆ ಇಟ್ಟೆ. ನಮ್ಮ ಮನೆಯಲ್ಲಿ ಪರವಾಗಿಲ್ಲ ಅನ್ನುವುದು ಪ್ರಶಂಸೆ ಕೂಡ, ಅದಕ್ಕಿಂತ ದೊಡ್ಡ ಪ್ರಶಂಸೆ ಇಲ್ಲವೇ ಇಲ್ಲ, ಅಂದೆ. ಯುಗಾದಿಯ ಹೋಳಿಗೆ ತಿಂದು ಅಜ್ಜಿ ಅದನ್ನೇ ಹೇಳುತ್ತಿದ್ದರು. ಚೆನ್ನಾಗಿದೆ ಅಂದರೆ ದೃಷ್ಟಿಯಾದೀತು ಎಂದು. ನಾನು ರಾಜ್ಯಮಟ್ಟದಲ್ಲಿ ಗೆದ್ದು ಬಂದಾಗ ಮಾವ ಹೇಳಿದ್ದೂ ಅಷ್ಟೇ. ಆ ದಿನ ಬಿಸಿಲಿನಲ್ಲಿ, ಸೀಲ್ ಮುಳುಗಿದಾಗ ಹೇಳಿದ್ದು ಆ ಅರ್ಥದಲ್ಲಿ. ನಾನು ಅವರ ಮುಖ ನೋಡಿದ್ದೆ. ನೋಡಿಯೂ ನಿನ್ನೆ ನಿಮಗೆ ಹೇಳಲಿಲ್ಲ.

ಹೆಲೆನ್ ನಿಧಾನವಾಗಿ, ನನ್ನ ಮೇಲೆ ಒಂದಿಷ್ಟೂ ಕೋಪವಿಲ್ಲದೆ ಹೇಳಿದರು: ಹಾಗಾದರೆ ಆ ಪದಕ್ಕೆ ಎರಡು ಅರ್ಥವಿದೆ. ಸಮುದ್ರದ ನಡುವೆ ಅದು ಯಾವ ಅರ್ಥ ಎಂದು ನನಗೆ ತಿಳಿಯುವುದು ಹೇಗೆ?

ನನ್ನ ಎರಡನೆಯ ಭಾಷಣ ಮೊದಲನೆಯದಕ್ಕೇ ಗಟ್ಟಿ ಸಾಕ್ಷಿಯಾಗಿತ್ತು. ಮಾವ ಇನ್ನು ಮೇಲೆ ಅಂಕಿಯಲ್ಲೇ ಹೇಳುತ್ತಾರೆ ಎಂದೆ. ಹೆಲೆನ್ ಮಾವನ ಕಡೆ ತಿರುಗಿ, ತಮ್ಮ ಹಳೆಯ ಬಸವನಗುಡಿ ಕನ್ನಡದಲ್ಲೇ ಕೇಳಿದರು: "ಗಂಗಾಧರ, ಆ ದಿನ ಯಾವುದು? ನೋವಾ, ಖುಷಿನಾ?"

ಒಂದು ಸುಳ್ಳು ಸಾಕಿತ್ತು. ಖುಷಿ ಎಂದಿದ್ದರೆ, ಗೆಳತಿ ಪಟ್ಟಿಯಲ್ಲಿ ಹೆಸರು ಬರೆಯುತ್ತಿದ್ದರೋ ಏನೋ. ಮಾವ ಬಟ್ಟೆ ಸುತ್ತಿದ ತಮ್ಮ ಅಂಗೈ ನೋಡಿಕೊಂಡರು.

"ಎರಡೂನೂ," ಅಂದರು. "ನನಗೆ ಬೇರೆ ಬೇರೆ ಮಾಡೋಕೆ ಬರಲ್ಲ ಹೆಲೆನ್."

ಪಟ್ಟಿಯಲ್ಲಿ ಮೂರು ಹೆಸರು ಉಳಿದವು. ಹೆಲೆನ್ ಅತ್ತರು, ಮಾವನೇ ಸಮಾಧಾನ ಮಾಡಿದರು.

ಉಳಿದ ದಿನಗಳು

ಟಿಕೆಟ್ ಇದ್ದದ್ದು ಹನ್ನೊಂದನೆಯ ದಿನಕ್ಕೆ. ಸೋತವರು ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂರುತ್ತಾರೆ ಎಂದು ನಾನೆಣಿಸಿದ್ದೆ, ಏಕೆಂದರೆ ನಾನಾದರೆ ಹಾಗೇ ಮಾಡುತ್ತೇನೆ. ಮಾವ ಮರುದಿನವೂ ಏಳಕ್ಕೆ ಶೆಡ್ಡಿಗೆ ಹೋದರು. ತಮ್ಮ ಅಳತೆಗೆ ಹೊಲಿದಿದ್ದ ದಿಂಬನ್ನು ಬಿಚ್ಚಿ, ಜೀನ್‌ಗೆ ಸರಿಹೊಂದುವ ಹಾಗೆ ಹತ್ತಿ ತೆಗೆದು ಮತ್ತೆ ಹೊಲಿದರು. ನನ್ನೊಡನೆ ಎಂದಿನಂತೆಯೇ ಮಾತಾಡಿದರು. ಒಂದೇ ವ್ಯತ್ಯಾಸ. ಟೀ ಸರಿಯಾಗಿದೆಯಾ ಮಾವ ಎಂದು ಕೇಳಿದರೆ, ಸ್ವಲ್ಪ ಯೋಚಿಸಿ, "ಏಳು" ಅನ್ನುವರು. ಚಳಿ ಹೇಗಿದೆ? "ಮೂರು." ಮೊದಲ ಸಲ ತಮಾಷೆ ಎಂದು ನಕ್ಕೆ. ಅವರು ನಗಲಿಲ್ಲ, ಸರಿಯಾಗಿ ಹೇಳಿದೆನಾ ಎಂಬಂತೆ ನನ್ನನ್ನು ನೋಡಿದರು.

ಓದುಗರು ನನ್ನ ಪರವಾಗಿ ವಾದಿಸಬಹುದು. ಅರವತ್ತೆರಡರ ಮನುಷ್ಯ, ಕಿತ್ತ ಕೈ, ಎರಡು ತಿಂಗಳ ಸಮುದ್ರ. ನೀನು ಜೀವ ಉಳಿಸಿದೆ ಎನ್ನಬಹುದು. ಅತ್ತೆ ಇವತ್ತಿಗೂ ಹಾಗೇ ಹೇಳುತ್ತಾರೆ. ನಾನು ತಪ್ಪು ವಾದ ಮಾಡಿದೆ ಎಂದು ನನಗೂ ಖಚಿತವಿಲ್ಲ. ಆದರೆ ಒಂಬತ್ತನೆಯ ದಿನ ಕಾಲಿನ್ ಹಗ್ಗಕ್ಕೆ ಗಂಟು ಹಾಕುತ್ತಾ ನನಗೊಂದು ಮಾತು ಹೇಳಿದರು. ಹೊಸಬರನ್ನು ತಯಾರು ಮಾಡಲು ಸಮಯವಿಲ್ಲ, ಇನ್ನು ಮೂವರೇ ಹೋಗಬೇಕು. ಇಬ್ಬರು ಹುಟ್ಟು ಹಾಕುವಾಗ ಮಲಗುವವರು ಒಬ್ಬರೇ, ಎಲ್ಲರ ನಿದ್ದೆಯೂ ಕಡಿಮೆ, ಎಲ್ಲರ ಕೈಗೂ ಕೆಲಸ ಜಾಸ್ತಿ.

"ನೀನು ಹೇಳಿದ್ದೆಲ್ಲ ಸರಿ," ಅಂದರು ಕಾಲಿನ್. "ನಿನ್ನ ಲೆಕ್ಕದಲ್ಲಿ ನಾವು ಮೂವರು ಇರಲಿಲ್ಲ, ಅಷ್ಟೆ."

ಮರು ಉತ್ತರಕ್ಕೆ ಸ್ಪರ್ಧೆಗಳಲ್ಲಿ ಎರಡು ನಿಮಿಷ ಕೊಡುತ್ತಾರೆ. ನನ್ನ ಎರಡು ನಿಮಿಷ ಅವರ ಹಗ್ಗ ಹಿಡಿದುಕೊಂಡು ನಿಲ್ಲುವುದರಲ್ಲೇ ಕಳೆಯಿತು.

ಹತ್ತನೆಯ ದಿನ, ಬಂದರಿನ ಕಟ್ಟೆ

ಅಭ್ಯಾಸಕ್ಕೆಂದು ಮೂವರೇ ಮೊದಲ ಸಲ ದೋಣಿ ಇಳಿಸಿದರು. ಐವತ್ತು ಮಾರು ಹೋಗುವಷ್ಟರಲ್ಲೇ ಗೊತ್ತಾಯಿತು, ದೋಣಿ ಸರಿಯಾಗಿ ಕೂರುತ್ತಿಲ್ಲ. ಸಾಮಾನನ್ನೆಲ್ಲ ನಾಲ್ವರ ಭಾರಕ್ಕೆ ಹೊಂದಿಸಿ ಜೋಡಿಸಿದ್ದರು. ಒಂದು ಮೈಯ ತೂಕ ಇಲ್ಲವಾಗಿ ಒಂದು ಮಗ್ಗುಲು ಮೇಲೆದ್ದಿತ್ತು. ವಾಪಸ್ ಬಂದರು. ಆ ಜಾಗದ ತಳದಲ್ಲಿ ನೀರಿನ ಕ್ಯಾನು ಇಟ್ಟು ಕಟ್ಟಬೇಕು ಎಂದು ಹೆಲೆನ್ ಹೇಳಿದರು. ಎಷ್ಟು ಎಂದು ಹೇಳಲು ಬಾಯಿ ಬರಲಿಲ್ಲ ಅವರಿಗೆ.

ಮಾವನೇ ಶೆಡ್ಡಿನೊಳಗಿನಿಂದ ತೂಕದ ಯಂತ್ರ ತಂದು ಕಟ್ಟೆಯ ಕಲ್ಲಿನ ಮೇಲಿಟ್ಟರು. ದೇವಸ್ಥಾನದ ಮುಂದೆ ಬಿಡುವ ಹಾಗೆ ಬೂಟು ಪಕ್ಕಕ್ಕೆ ಬಿಟ್ಟು ಹತ್ತಿ ನಿಂತರು. ಅರವತ್ತೇಳು ಕಿಲೋ.

ಜೀನ್ ಮುಖ ಆಚೆ ತಿರುಗಿಸಿಕೊಂಡಿದ್ದನ್ನು ನೋಡಿ ಮಾವ ನನಗೆ ಹೇಳಿದರು: "ಅವರಿಗೆ ತುಲಾಭಾರ ಅಂದ್ರೇನು ಹೇಳಮ್ಮ." ಹರಕೆ ಹೊತ್ತವರು ತಕ್ಕಡಿಯ ಒಂದು ಕಡೆ ಕೂರುತ್ತಾರೆ, ಇನ್ನೊಂದು ಕಡೆ ಅವರ ತೂಕದ ಬೆಲ್ಲವನ್ನೋ ಬಾಳೆಹಣ್ಣನ್ನೋ ಇಟ್ಟು ದೇವರಿಗೆ ಒಪ್ಪಿಸುತ್ತಾರೆ ಎಂದು ವಿವರಿಸಿದೆ. ಅಷ್ಟು ಸಣ್ಣ ವಿಷಯವನ್ನು ಅಷ್ಟು ಕೆಟ್ಟದಾಗಿ ನಾನು ಯಾವತ್ತೂ ಹೇಳಿಲ್ಲ.

ಹತ್ತು ಲೀಟರಿನ ಕ್ಯಾನುಗಳು. ನಾನು ನಲ್ಲಿಯ ಪೈಪು ಹಿಡಿದೆ, ಮಾವ ಒಂದೊಂದೇ ತುಂಬಿ, ಒರೆಸಿ, ಕಾಲಿನ್ ಕೈಗೆ ಕೊಟ್ಟರು. ಆರು ತುಂಬಿದವು. ಏಳನೆಯದು ಅರ್ಧ ದಾಟಿದಾಗ ಹೆಲೆನ್ ಸಾಕು ಅಂದರು. ಮಾವ ಕೇಳಲಿಲ್ಲ. ಯಂತ್ರದ ಮೇಲಿಟ್ಟು ನೋಡಿ, ಇನ್ನೊಂದಿಷ್ಟು ಬಿಟ್ಟು, ಮತ್ತೆ ನೋಡಿ, ಹೆಚ್ಚಾದದ್ದನ್ನು ಅಂಗೈಯಲ್ಲಿ ತೆಗೆದು ಚೆಲ್ಲಿ, ಸರಿಯಾಗಿ ಏಳು ಕಿಲೋಗೆ ನಿಲ್ಲಿಸಿದರು.

"ಉಪ್ಪುನೀರನ್ನ ಕುಡಿಯೋ ನೀರು ಮಾಡೋ ಮಷೀನ್ ಕೆಟ್ರೆ ಇದನ್ನೇ ಕುಡೀತಾರಂತೆ," ಅಂದರು ನನಗೆ. "ಅಷ್ಟಕ್ಕಾದ್ರೂ ಬರ್ತೀನಿ."

ಮೂವರೂ ಹತ್ತಿದರು. ದೋಣಿ ಕಟ್ಟೆ ಬಿಟ್ಟಿತು. ಮಾವ ಕಲ್ಲಿನ ಮೇಲೆ ಕುಕ್ಕರಗಾಲಿನಲ್ಲಿ ಕೂತು, ಹೊಸ ಹಾಸಿಗೆಯ ಅಂಚು ನೋಡುವವರ ಹಾಗೆ ಒಂದು ಕಣ್ಣು ಮುಚ್ಚಿ, ದೋಣಿಯ ಮೈಗೆ ನೀರು ಮುಟ್ಟುವ ಗೆರೆಯನ್ನೇ ನೋಡಿದರು.

"ಸಮ ಕೂತಿದೆ, ನೋಡು," ಅಂದರು.

ನೋಡಿದೆ. ಹೌದು, ಸಮವಾಗಿಯೇ ಕೂತಿತ್ತು.